ನಾನು ಸವಣೂರಿನ ಬಾವಿ ಕೆಂಪು ಮಾಡಿದ್ದು

ಆರೋಗ್ಯ ಖಾತೆಗೆ ಹೊಸದಾಗಿ ಸೇರಿದ ತರುಣರು ಆಗಾಗ ನನ್ನ ಮನೆಗೆ ಬಂದು ಹೋಗುತ್ತಾರೆ. ಬಂದವರು ಮೊದಲು ಕೇಳುವುದು ನನಗೆ ಯಾವಾಗ ಯಾವಾಗ ಬಡ್ತಿ ಸಿಕ್ಕಿತು ಎಂದು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ದೇವಿ ಹಾಕುವವನಾಗಿ ಸೇರಿದೆ, ಸ್ಯಾನಿಟರಿ ಇನ್‌ಸ್ಪೆಕ್ಟರನಾಗಿ ನಿವೃತ್ತನಾದೆ. ನಡುವೆ ತಲೆಗೂದಲು ಹೋಯಿತು. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಾರೆ. ಅದರ ಲಸಿಕೆ ಚುಚ್ಚುವವನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ತಾಯಂದಿರು ಕೂಸುಗಳನ್ನು ಹಿತ್ತಲ ಬಾಗಿಲಿನಿಂದ ಸಾಗಿಸಿಬಿಡುತ್ತಿದ್ದರು. ನನ್ನ ಪರಿಚಯ ಊರಿಗೆ ಆದದ್ದು ಹಾಗೆ.

ಈಗಿನವರಿಗೆ ತರಬೇತಿ ಇದೆ. ಜನರಿಗೆ ಏನು ಹೇಳಬೇಕು ಎಂಬುದನ್ನು ಅಲ್ಲಿ ಚೆನ್ನಾಗಿ ಕಲಿಸುತ್ತಾರಂತೆ. ಜನ ಯಾರ ಮಾತು ಕೇಳುತ್ತಾರೆ ಎಂಬುದನ್ನು ಕಲಿಸುತ್ತಾರೋ ಇಲ್ಲವೋ ತಿಳಿಯದು. ನನಗಂತೂ ಯಾರೂ ಕಲಿಸಿರಲಿಲ್ಲ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರಿನ ಜನ ತಮ್ಮ ತಮ್ಮ ರೀತಿಯಲ್ಲಿ ಕಲಿಸಲು ನೋಡಿದರು. ನನ್ನ ತಲೆಗೆ ಹತ್ತಲಿಲ್ಲ. ಸವಣೂರಿನಲ್ಲಿ ಹತ್ತಿತು. ಆದರೆ ಅಲ್ಲಿ ನನ್ನ ಪಾಠಕ್ಕೆ ಪೆಟ್ಟು ತಿಂದವರು ಬೇರೆಯವರು. ಅದನ್ನು ಬರೆದಿಡಬೇಕೆಂದೇ ಈಗ ಕುಳಿತಿದ್ದೇನೆ.

ಮೂವತ್ತರ ದಶಕದ ನಡುವಿನಲ್ಲಿ ನನ್ನನ್ನು ಹಾನಗಲ್ಲಿಗೆ ಹಾಕಿದರು. ಅದು ಪ್ಲೇಗಿನ ಕಾಲ. ಪುಣೆಯಿಂದ ಒಂದು ಗಂಟು ಕರಪತ್ರ ಬಂತು. ಯಾರೋ ಇಂಗ್ಲಿಷಿನಲ್ಲಿ ಬರೆದದ್ದನ್ನು ಇನ್ನಾರೋ ಮರಾಠಿಗೆ ತಂದು, ಮತ್ತೊಬ್ಬರು ಅದನ್ನು ಕನ್ನಡ ಮಾಡಿದ್ದರು. ಆ ಮೂರನೆಯವರಿಗೆ ಕನ್ನಡದ ಮೇಲೆ ಹಳೆಯ ಸಿಟ್ಟೇನೋ ಇದ್ದಿರಬೇಕು. "ಮೂಷಕಗಳ ಮೃತ್ಯುವು ದೃಗ್ಗೋಚರವಾದಲ್ಲಿ ಗೃಹತ್ಯಾಗವು ತತ್ಕ್ಷಣದ ಕರ್ತವ್ಯವು" ಎಂದು ಮೊದಲ ಸಾಲು. ಇಲಿ ಸತ್ತು ಬಿದ್ದರೆ ಮನೆ ಬಿಡಿ ಎಂದು ಅದರ ಅರ್ಥ. ಪೇಟೆಯ ಕಟ್ಟೆಯ ಮೇಲೆ ನಿಂತು ನಾನದನ್ನು ಗಂಭೀರವಾಗಿ ಓದಿದೆ. ಕೇಳುತ್ತ ನಿಂತಿದ್ದ ಒಬ್ಬ ಮುದುಕಿ ಕೈಮುಗಿದು ಕೇಳಿದಳು:

"ಯಪ್ಪಾ, ಈ ಮೂಷಕಪ್ಪಗೌಡ್ರು ಯಾವ ಊರಾವ್ರು? ಅವ್ರು ಸತ್ರ ನಾವ್ಯಾಕ ಮನಿ ಬಿಡಬೇಕು?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಸರ್ಕಾರಿ ಕಾಗದದ ಮರ್ಯಾದೆಯ ಪ್ರಶ್ನೆ ಎಂದುಕೊಂಡು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಓದಿದೆ. ಇಲಿ ಎಂಬ ಎರಡಕ್ಷರ ನನ್ನ ಬಾಯಿಂದ ಹೊರಡಲಿಲ್ಲ. ಕಾಗದದಲ್ಲಿ ಇರಲಿಲ್ಲವಲ್ಲ!

ಉಳಿದ ಗಂಟನ್ನು ಪೇಟೆಯ ಕಿರಾಣಿ ಅಂಗಡಿಯಲ್ಲಿ ಇಟ್ಟು, ಬಂದವರಿಗೆಲ್ಲ ಒಂದೊಂದು ಕೊಡಿ ಎಂದು ಅಂಗಡಿಯ ಚನ್ನಬಸಪ್ಪನವರಿಗೆ ಹೇಳಿದೆ. ಅವರು ಮಾತಿಗೆ ತಪ್ಪಲಿಲ್ಲ. ಬಂದವರಿಗೆಲ್ಲ ಒಂದೊಂದು ಕೊಟ್ಟರು. ಒಳಗೆ ಚುರುಮುರಿ, ಹೊರಗೆ ನಮ್ಮ ಕರಪತ್ರ. ಎರಡು ವಾರ ಕಳೆದು ಜಿಲ್ಲೆಯ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಅವರ ಚಹದ ಜೊತೆಗೆ ನಮ್ಮ ಶಿಪಾಯಿ ಫಕೀರಪ್ಪ ಅದೇ ಅಂಗಡಿಯಿಂದ ಒಂದು ಪೊಟ್ಟಣ ತಂದಿಟ್ಟ. ಸಾಹೇಬರು ಪೊಟ್ಟಣ ಬಿಚ್ಚಿದರು, ಚುರುಮುರಿ ತಿಂದರು, ಎಣ್ಣೆ ಹೀರಿದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ನೌಕರಿ ಮುಗಿಯಿತು ಎಂದುಕೊಂಡೆ.

"ಇದರಲ್ಲಿ ಕೆಳಗಿನ ತುದಿ ಹರಿದುಹೋಗಿದೆಯಲ್ಲ," ಎಂದರು. "ನನ್ನ ಹೆಸರು ಇದ್ದದ್ದು ಅಲ್ಲಿಯೇ."

ಮುಂದಿನ ವರ್ಷದ ಕರಪತ್ರಗಳಲ್ಲಿ ಅವರ ಹೆಸರು ಮೇಲೊಂದು ಕೆಳಗೊಂದು ಎರಡು ಕಡೆ ಅಚ್ಚಾಗಿ ಬಂತು. ಮೂಷಕಗಳು ಮಾತ್ರ ಹಾಗೆಯೇ ಉಳಿದವು.

ಶಿಗ್ಗಾವಿಯಲ್ಲಿ ಕಾಗದ ಬೇಡವೆಂದು ಹಲಗೆ ಹೊಡೆಸಿ ಡಂಗುರ ಸಾರಿಸಿದೆ. ಪ್ಲೇಗಿನ ಸೂಜಿ ಹಾಕಿಸಿಕೊಳ್ಳಲು ಚಾವಡಿಗೆ ಬರಬೇಕು ಎಂಬುದು ಸುದ್ದಿ. ಮುಂಜಾನೆ ಹಲಗೆಯ ಸದ್ದು ಬೀದಿಯಿಂದ ಬೀದಿಗೆ ಹೋದ ಹಾಗೆಲ್ಲ ಅದರ ಹಿಂದೆಯೇ ಮನೆಗಳು ಖಾಲಿಯಾದವು. ನಾನು ಸೂಜಿ ಕುದಿಸಿಕೊಂಡು ಮಧ್ಯಾಹ್ನದವರೆಗೆ ಚಾವಡಿಯಲ್ಲಿ ಕುಳಿತೆ. ಬಂದದ್ದು ಒಂದು ಮೇಕೆ. ಸಂಜೆ ಫಕೀರಪ್ಪ ವಿಚಾರಿಸಿಕೊಂಡು ಬಂದ. ಅವನು ನನಗಿಂತ ವಯಸ್ಸಿನಲ್ಲಿ ಬಹಳ ಹಿರಿಯ. ತಿಳಿದದ್ದನ್ನು ಕೆಲಸ ಕೆಟ್ಟ ಮೇಲೆಯೇ ಹೇಳುವುದು ಅವನ ಪದ್ಧತಿ.

"ಸಾಹೇಬ್ರ, ಈ ಊರಾಗ ಹಲಗಿ ಬಡಿಯೂದು ಸಾಹೇಬ್ರ ಸವಾರಿ ಬಂದಾಗ ಅಷ್ಟರಿ. ಬಿಟ್ಟಿ ಗಾಡಿ, ಎತ್ತು ಹಿಡೀತಾರಲ್ರಿ. ಹಲಗಿ ಸಪ್ಪಳ ಕೇಳಿದ್ರ ಮಂದಿ ಏನ ಹೇಳ್ತಾರಂತ ಕೇಳಾಕ ನಿಂದರೂದಿಲ್ರಿ. ಎತ್ತ ಹೊಡಕೊಂಡ ಅಡವಿಗೆ ಹೋಗಿಬಿಡ್ತಾರ."

"ಇದನ್ನು ಮುಂಜಾನೆ ಹೇಳಬಾರದಿತ್ತೇ?"

"ನೀವು ಕೇಳಲಿಲ್ಲರಿ."

ಆ ಮಾತು ಆಗಲೇ ನನಗೆ ಚುಚ್ಚಬೇಕಿತ್ತು. ಚುಚ್ಚಲಿಲ್ಲ.

ಹಿರೇಕೆರೂರಿಗೆ ಹೋಗುವಷ್ಟರಲ್ಲಿ ಖಾತೆ ಸುಧಾರಿಸಿತ್ತು. ಮ್ಯಾಜಿಕ್ ಲ್ಯಾಂಟರ್ನ್ ಎಂಬ ದೀಪದ ಪೆಟ್ಟಿಗೆ ಬಂದಿತ್ತು. ಗಾಜಿನ ಮೇಲೆ ಬರೆದ ಚಿತ್ರಗಳನ್ನು ಬಿಳಿಯ ಧೋತರದ ಮೇಲೆ ದೊಡ್ಡದಾಗಿ ಬಿಡುತ್ತಿತ್ತು. ಚಿತ್ರದ ಕಥೆ ಇಷ್ಟು: ಅಣ್ಣ ತಮ್ಮಂದಿರಿಬ್ಬರು. ಅಣ್ಣ ನೀರು ಕಾಸಿ ಕುಡಿಯುತ್ತಾನೆ, ಉಗುರು ತೆಗೆಯುತ್ತಾನೆ, ಊಟವನ್ನು ಮುಚ್ಚಿಡುತ್ತಾನೆ. ತಮ್ಮ ಸಿಕ್ಕ ಸಿಕ್ಕಲ್ಲಿ ನೀರು ಕುಡಿಯುತ್ತಾನೆ, ನೊಣ ಕುಳಿತ ಕಬ್ಬು ತಿನ್ನುತ್ತಾನೆ. ಕೊನೆಗೆ ವಾಂತಿಭೇದಿಯಾಗಿ ಸಾಯುತ್ತಾನೆ. ಚಿತ್ರ ಬರೆದವನು ಅಣ್ಣನನ್ನು ಬಡಕಲಾಗಿ, ಹುಬ್ಬು ಗಂಟಿಕ್ಕಿಕೊಂಡವನ ಹಾಗೆ ಬರೆದಿದ್ದ. ತಮ್ಮ ಗುಂಡಗೆ, ಸದಾ ನಗುಮುಖದವನು. ಎರಡನೆಯ ಚಿತ್ರಕ್ಕೇ ಇಡೀ ಊರು ತಮ್ಮನ ಕಡೆ ಆಯಿತು. ಅವನು ಸತ್ತ ಚಿತ್ರ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಬ್ಬಾಕೆ ಎದ್ದು ನಿಂತು ಪರದೆಯ ಮೇಲಿನ ಅಣ್ಣನಿಗೇ ಬೈದಳು:

"ಒಡಹುಟ್ಟಿದಾಂವ ಕಣ್ಣಮುಂದ ಸಾಯಾಕತ್ತಾನ, ಒಂದ ತಂಬಿಗಿ ಕಾಸಿದ ನೀರ ಅವಂಗೂ ಕೊಟ್ರ ನಿನ್ನ ಗಂಟೇನ ಹೋಕ್ಕಿತ್ತೋ!"

ಈ ಹೆಂಗಸು ಇಡೀ ಆರೋಗ್ಯಶಾಸ್ತ್ರವನ್ನು ಒಂದೇ ಮಾತಿನಲ್ಲಿ ಹೇಳಿದಳು ಎಂದು ಇಂದು ಅನಿಸುತ್ತದೆ. ಅಂದು ನಾನು ವರದಿಯಲ್ಲಿ ಬರೆದದ್ದು: "ಪ್ರೇಕ್ಷಕರಲ್ಲಿ ಅಶಿಸ್ತು ಕಂಡುಬಂತು."

ಹೀಗೆ ಓದಿ ಹೇಳಿ, ಹಲಗೆ ಬಡಿಸಿ ಹೇಳಿ, ತೋರಿಸಿ ಹೇಳಿ ಸೋತ ಮೇಲೆ ನಾನು ಒಂದು ತೀರ್ಮಾನಕ್ಕೆ ಬಂದೆ. ಜನರಿಗೆ ಹೇಳಿ ಫಲವಿಲ್ಲ. ಹೇಳದೆ ಕೆಲಸ ಮಾಡಿಬಿಡಬೇಕು. ಆಗ ಸವಣೂರಿನಲ್ಲಿ ವಾಂತಿಭೇದಿ ಎದ್ದಿತು.

ಸವಣೂರು ಆಗ ನಮ್ಮ ಜಿಲ್ಲೆಗೆ ಸೇರಿರಲಿಲ್ಲ, ನವಾಬರ ಸಂಸ್ಥಾನ. ಬೇನೆಗೆ ಗಡಿ ಗೊತ್ತಿರುವುದಿಲ್ಲವಾದ್ದರಿಂದ ಅವರು ಕೇಳಿದರು, ನಮ್ಮವರು ನನ್ನನ್ನು ಕಳಿಸಿದರು. ಅಲ್ಲಿನ ಡಾಕ್ಟರರು ಸಜ್ಜನರು. ಇರಲು ಒಂದು ಕೋಣೆ ಕೊಟ್ಟು, ಬೇಕಾದ ಅನುಮತಿ ಕೊಡಿಸಿ, ತಾವು ರೋಗಿಗಳ ನಡುವೆ ಹಗಲೆಲ್ಲ ಓಡಾಡುತ್ತಿದ್ದರು. ನೀರಿನ ಕೆಲಸ ನನ್ನದು. ಪೇಟೆಯ ಮಧ್ಯೆ ಒಂದು ಸಿಹಿನೀರಿನ ಬಾವಿ. ಅರ್ಧ ಊರು ಅಲ್ಲಿಂದಲೇ ಕುಡಿಯುತ್ತಿತ್ತು. ಸುತ್ತಲಿನ ಓಣಿಗಳ ಹೆಂಗಸರು ಕೊಡ ತಂದು ಸೇದುತ್ತಿದ್ದರು. ದೂರದ ಮನೆಗಳಿಗೆ ಪಖಾಲಿಯವರು ನೀರು ಹಾಕುತ್ತಿದ್ದರು. ಪಖಾಲಿ ಎಂದರೆ ಕೋಣದ ಬೆನ್ನ ಮೇಲೆ ಎರಡೂ ಕಡೆ ಇಳಿಬಿಡುವ ದೊಡ್ಡ ತೊಗಲಿನ ಚೀಲ. ಈಗಿನವರು ನೋಡಿರಲಾರರು.

ನೀರಿನಲ್ಲಿಯ ರೋಗ ಕೊಲ್ಲಲು ನಮ್ಮ ಹತ್ತಿರ ಪರ್ಮ್ಯಾಂಗನೇಟ್ ಎಂಬ ಕಡುನೇರಳೆ ಹರಳು ಇತ್ತು. ಬಾವಿಗೆ ಹಾಕಿದರೆ ನೀರು ಕೆಲಹೊತ್ತು ಕೆಂಪಾಗಿ, ಆಮೇಲೆ ತಿಳಿಯಾಗುತ್ತದೆ. ಕುಡಿದರೆ ತುಸು ಒಗರು, ಅಪಾಯವಿಲ್ಲ. ಬೆಳಕು ಹರಿಯುವಷ್ಟರಲ್ಲಿ ಫಕೀರಪ್ಪನನ್ನು ಕರೆದುಕೊಂಡು ಹೋಗಿ, ಯಾರಿಗೂ ಒಂದು ಮಾತು ಹೇಳದೆ ಹರಳು ಕರಗಿಸಿ ಬಾವಿಗೆ ಸುರಿದೆ. ನನ್ನ ಜಾಣತನದ ಬಗ್ಗೆ ನನಗೇ ಹೆಮ್ಮೆ.

ಮೊದಲ ಕೊಡ ಇಳಿಸಿದವಳು ಸಂಗವ್ವ. ಬಾವಿಗೆ ಎದುರಿನ ಮನೆಯವಳು, ವೀಳ್ಯದೆಲೆ ವ್ಯಾಪಾರದ ಮನೆತನದ ಹಿರಿಯ ಹೆಂಗಸು. ಆ ಓಣಿಯಲ್ಲಿ ಆಕೆಯ ಮಾತು ನಡೆಯುತ್ತಿತ್ತು. ಮೇಲೆ ಬಂದ ಕೊಡದೊಳಗೆ ನೋಡಿ ಹಗ್ಗ ಕೈಬಿಟ್ಟಳು.

"ಏನ್ ಹಾಕೀರಿ ಇದರಾಗ?"

"ಔಷಧ, ಅವ್ವಾ."

"ಬ್ಯಾನಿ ಬಂದಿದ್ದು ಬಾವಿಗೋ, ಮಂದಿಗೋ?"

ನಾನು ಏನೂ ಆಗುವುದಿಲ್ಲವೆಂದು ಹೇಳಿ, ಎಲ್ಲರ ಎದುರು ಒಂದು ತಂಬಿಗೆ ಕೆಂಪು ನೀರನ್ನು ಗಟಗಟ ಕುಡಿದೆ. ಇದು ಪುಸ್ತಕದಲ್ಲಿದ್ದ ಉಪಾಯ. ಸಂಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವು ಸರ್ಕಾರದ ಮಂದಿ. ಸರ್ಕಾರದ ಔಷಧ ನಿಮಗ ಒಗ್ಗತೈತಿ. ನಮಗ ಒಗ್ಗಬೇಕಲ್ರೀ?"

ಕೊಡ ಬೋರಲಾಯಿತು. ಹೆಂಗಸರು ಒಬ್ಬೊಬ್ಬರಾಗಿ ಹೊರಟುಹೋದರು. ಅವರು ಎಲ್ಲಿಗೆ ಹೋದರು ಎಂದು ನಾನು ಕೇಳಲಿಲ್ಲ. ಕೋಣೆಗೆ ಬಂದು, "ಪೇಟೆಯ ಬಾವಿಯನ್ನು ಶುದ್ಧಗೊಳಿಸಲಾಯಿತು, ಜನರ ಸಹಕಾರ ತೃಪ್ತಿಕರ" ಎಂದು ವರದಿ ಬರೆದೆ. ಮರುದಿನವೂ ಬೆಳಗಾಗುವ ಮುಂಚೆ ಹೋಗಿ ಹರಳು ಹಾಕಿದೆ. ಬಾವಿಯ ಹತ್ತಿರ ಗದ್ದಲವಿರಲಿಲ್ಲ. ಜನ ಒಪ್ಪಿಕೊಂಡರು ಎಂದೇ ತಿಳಿದೆ.

ನಾಲ್ಕನೆಯ ದಿನ ಡಾಕ್ಟರರು ನನ್ನ ಕೋಣೆಗೆ ಬಂದರು. ಬಾವಿಯ ಸುತ್ತಲಿನ ಓಣಿಗಳಲ್ಲೇ ಬೇನೆ ಹೆಚ್ಚಾಗಿದೆ, ನಿಮ್ಮ ಔಷಧ ಹಳತಾಗಿದೆಯೇ ಎಂದು ಕೇಳಿದರು. ಔಷಧ ಹೊಸದು. ನಾನು ದಿಕ್ಕು ತೋಚದೆ ಫಕೀರಪ್ಪನ ಮುಖ ನೋಡಿದೆ. ಅವನು ಕೆಮ್ಮಿದ.

"ಬಾವಿ ನೀರ ಈಗ ಯಾರೂ ಕುಡಿಯೂದಿಲ್ರಿ. ಎಲಿ ತೋಟದ ಬಾಜೂಕ ಒಂದ ಹೊಂಡ ಐತಲ್ರಿ, ಎಲ್ಲಾರೂ ಅಲ್ಲಿಂದ ತರಾಕತ್ತಾರ."

ಆ ಹೊಂಡ ನನಗೆ ಗೊತ್ತಿತ್ತು. ಎಮ್ಮೆ ಮೈ ತೊಳೆಯುವುದು ಅಲ್ಲಿಯೇ. ರೋಗಿಗಳ ಬಟ್ಟೆ ಒಗೆಯುವುದೂ ಅಲ್ಲಿಯೇ. ಡಾಕ್ಟರರು ಟೋಪಿ ಹಾಕಿಕೊಂಡು ಹೊರಟುಹೋದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಒಳ್ಳೆಯ ನೀರಿನಿಂದ ಜನರನ್ನು ಓಡಿಸಿ ಕೆಟ್ಟ ನೀರಿಗೆ ಅಟ್ಟಿದವನು ನಾನು. ನಾಲ್ಕು ದಿನ ಬಾವಿಯ ಮಗ್ಗುಲಲ್ಲೇ ಓಡಾಡಿಕೊಂಡಿದ್ದು, ಎಲ್ಲಿಂದ ನೀರು ತರುತ್ತೀರಿ ಎಂದು ಒಬ್ಬರನ್ನೂ ಕೇಳದೆ ಇದ್ದವನು.

ಹೊಂಡ ದೂರವಾದ್ದರಿಂದ ಆ ನಾಲ್ಕು ದಿನಗಳಲ್ಲಿ ಬಾವಿಯ ಸುತ್ತಲಿನ ಎಷ್ಟೋ ಮನೆಗಳೂ ಪಖಾಲಿಯವರಿಂದಲೇ ನೀರು ಹಾಕಿಸಿಕೊಂಡವು. ಹಾಗೆ ಹೊಂಡದ ನೀರು ಮನೆಮನೆಗೆ ಹಾಕಿದವರಲ್ಲಿ ಖಾಸೀಮಸಾಬನೂ ಒಬ್ಬ. ಐವತ್ತರ ಹತ್ತಿರದ ಪಖಾಲಿಯವನು, ಎತ್ತರದ ಆಳು, ಮಾತು ಕಡಿಮೆ. ತನ್ನ ಮನೆಗೂ ಅದೇ ನೀರನ್ನು ಹಾಕಿಕೊಂಡಿದ್ದ. ಅವನ ಹೆಂಡತಿ ಫಾತಿಮಾಬಿ ಮುಂಜಾನೆ ಮಲಗಿದವಳು ಸಂಜೆಗೆ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೂರನೆಯ ದಿನ ಅವನು ನನ್ನನ್ನು ಹುಡುಕಿಕೊಂಡು ಬಂದ. ನಾನು ಬಾವಿಯ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದೆ. ಜಗಳಕ್ಕೆ ಬಂದಿರಬೇಕೆಂದು ಎದ್ದು ನಿಂತೆ.

"ಕುಂದರ್ರಿ ಸಾಹೇಬ್ರ. ಒಂದ ಮಾತ ಕೇಳ್ತೇನಿ, ಖರೆ ಹೇಳ್ರಿ. ಆ ಕೆಂಪ ನೀರಾಗ ಏನಿತ್ತು?"

"ಬೇನೆ ಕೊಲ್ಲುವ ಔಷಧ ಇತ್ತು. ಬೇರೆ ಏನೂ ಇರಲಿಲ್ಲ."

"ಹೊಂಡದ ನೀರಾಗ?"

"ಬೇನೆ ಇತ್ತು."

ಅವನು ಬಗ್ಗಿ ಬಾವಿಯೊಳಗೆ ನೋಡಿದ.

"ಮೊದಲ ಯಾಕ ಹೇಳಲಿಲ್ಲ?"

ಉತ್ತರವಿಲ್ಲದವನು ಮಾಡುವುದನ್ನೇ ನಾನೂ ಮಾಡಿದೆ. ತಿರುಗಿ ಪ್ರಶ್ನೆ ಹಾಕಿದೆ. "ಹೇಳಿದ್ದರೆ ನೀವು ಕೇಳುತ್ತಿದ್ದಿರಾ, ಖಾಸೀಮಸಾಬ?"

ಅವನು ಆ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಯೋಚಿಸಿದ. ನನ್ನ ಮೇಲಿನ ಸಿಟ್ಟಿಗೆ ಏನಾದರೂ ಹೇಳಿಬಿಡಬಹುದಿತ್ತು, ಹೇಳಲಿಲ್ಲ.

"ಇಲ್ಲ ಕಾಣಸ್ತೈತ್ರಿ," ಎಂದ. ಆಮೇಲೆ, "ಆದ್ರೂ ಹೇಳಬೇಕಾಗಿತ್ತು," ಎಂದ.

ಆಮೇಲೆ ಕುಳಿತುಕೊಂಡು ಒಂದೊಂದಾಗಿ ಕೇಳಿದ. ಬೇನೆ ನೀರಿನಲ್ಲಿ ಹೇಗೆ ಸೇರುತ್ತದೆ? ತಿಳಿಯಾಗಿ ಕಂಡರೂ ಇರುತ್ತದೆಯೇ? ಪಖಾಲಿಯ ತೊಗಲಿಗೂ ಹತ್ತುತ್ತದೆಯೇ? ಕಾಸಿದರೆ ಎಷ್ಟು ಹೊತ್ತು ಕಾಸಬೇಕು? ಪ್ರತಿಯೊಂದಕ್ಕೂ ನನಗೆ ಗೊತ್ತಿದ್ದದ್ದನ್ನು ನಮ್ಮ ಮನೆಯ ಮಾತಿನಲ್ಲಿ ಹೇಳಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ನನ್ನ ನೌಕರಿಯಲ್ಲಿ ಒಬ್ಬ ಮನುಷ್ಯ ತಾನಾಗಿ ಬಂದು ನನ್ನನ್ನು ಕೇಳಿದ್ದು ಅದೇ ಮೊದಲು.

ಮರುದಿನ ಮುಂಜಾನೆ ಅವನು ಬಾವಿಯಿಂದಲೇ ಪಖಾಲಿ ತುಂಬಿಸಿಕೊಂಡು ಕೋಣ ಹೊಡೆದುಕೊಂಡು ಹೊರಟ. ಏನಾಗುತ್ತದೋ ನೋಡೋಣವೆಂದು ನಾನೂ ಫಕೀರಪ್ಪನೂ ಸ್ವಲ್ಪ ಹಿಂದೆ ಹೋದೆವು. ಪ್ರತಿ ಬಾಗಿಲಿಗೂ ನಿಂತು ಅವನು ಒಂದೇ ಮಾತು ಹೇಳುತ್ತಿದ್ದ. ಮುಸಲ್ಮಾನರ ಮನೆಗಳಲ್ಲಿ ಅವರ ಮಾತಿನಲ್ಲಿ, ಉಳಿದ ಮನೆಗಳಲ್ಲಿ ಕನ್ನಡದಲ್ಲಿ. ಸಂಗವ್ವನ ಬಾಗಿಲಿನಲ್ಲಿ ಹೇಳಿದ್ದು ಇಷ್ಟು:

"ಅವ್ವಾರ, ಹೊಂಡದ ನೀರ ನಿಮ್ಮ ಓಣಿಗೆಲ್ಲಾ ಹಾಕಿದಾಂವ ನಾ. ಆ ನೀರ ಕುಡದ ನಮ್ಮನಿಯಾಕಿ ಹ್ವಾದ್ಲು. ನನ್ನ ಪಖಾಲ್ಯಾಗ ಇನ್ನೂ ಅದರ ಹನಿ ಇರಬೇಕು. ಈಗ ತಂದಿದ್ದು ಬಾವಿ ನೀರ. ಆದ್ರೂ ನಾ ತಂದ ನೀರ ಕಾಸದ ಕುಡೀಬ್ಯಾಡ್ರಿ."

ಸಂಗವ್ವ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

"ಖಾಸೀಮಾ, ನಿನ್ನ ನೀರ ಕೆಟ್ಟೈತಿ ಅಂತ ನೀನ ಅಂತೀಯಲ್ಲೋ. ನಾಳೆ ನಿನ್ನ ಕಡೆ ನೀರ ಯಾರ ಹಾಕಸ್ಕೋತಾರ?"

"ಅದ ಆಮ್ಯಾಲ ನೋಡೂಣ್ರಿ."

"ಕಾಸೂದಂದ್ರ ಸುಮ್ನ ಆಗ್ತೈತೇನು? ಕಟ್ಟಿಗಿ ಎಲ್ಲಿ ತರೂಣು? ಕುಳ್ಳ ಎಲ್ಲಿ ತರೂಣು?"

ಈ ಪ್ರಶ್ನೆಗೆ ನಮ್ಮ ಕರಪತ್ರದಲ್ಲಿ ಉತ್ತರವಿರಲಿಲ್ಲ. ಪುಣೆಯವರಿಗೆ ಈ ಪ್ರಶ್ನೆ ಇದೆಯೆಂದೇ ಗೊತ್ತಿರಲಿಲ್ಲ. ಖಾಸೀಮಸಾಬ ಕೋಣದ ಹಗ್ಗ ಹಿಡಿದುಕೊಂಡೇ ಹೇಳಿದ:

"ಎಲ್ಲಾ ನೀರ ಕಾಸೂದು ಬ್ಯಾಡ್ರಿ. ಕುಡಿಯೂದಷ್ಟ ಕಾಸ್ರಿ. ರೊಟ್ಟಿ ಬಡದ ಹಂಚ ಇಳಿಸಿದಕೂಡ್ಲೆ ಅದ ಉರೀಗೆ ಒಂದ ಬೋಗಾಣಿ ಇಡ್ರಿ. ತಳಮಳ ಕುದ್ದಮ್ಯಾಲ ಇಳಿಸಿ ಮುಚ್ಚಿಬಿಡ್ರಿ. ಬ್ಯಾರೆ ಕಟ್ಟಿಗಿ ಬ್ಯಾಡ."

ಸಂಗವ್ವ ನೆರೆಮನೆಯವಳ ಕಡೆ ತಿರುಗಿದಳು. "ನೀರ ಹಾಕಾಂವನ ತನ್ನ ನೀರ ಕುಡೀಬ್ಯಾಡ್ರಿ ಅಂತಾನಂದ್ರ ಅದ ಸುಳ್ಳ ಇರಾಕ ಸಾಧ್ಯಿಲ್ಲ ಏಳ. ಒಲಿ ಹಚ್ಚ."

ಅಂದು ಮಧ್ಯಾಹ್ನದ ಹೊತ್ತಿಗೆ ಆ ಸಾಲಿನ ಬಹಳಷ್ಟು ಮನೆಗಳಲ್ಲಿ ಬೋಗುಣಿ ಒಲೆಯ ಮೇಲೆ ಏರಿತ್ತು. ಅವನು ನಾಲ್ಕು ದಿನ ಹಾಗೆಯೇ ತಿರುಗಿದ. ಎರಡನೆಯ ದಿನ ನಾನು ಬಾವಿಯ ಹತ್ತಿರ ಹೋದರೆ ಹೆಂಗಸರು ನನಗಾಗಿ ಕಾಯುತ್ತಿದ್ದರು. ಸಂಗವ್ವ ಕೊಡವನ್ನು ನನ್ನ ಮುಖದ ಮುಂದೆ ಹಿಡಿದು ಗದರಿಸಿದಳು.

"ಇವತ್ತ ನೀರ ಬೆಳ್ಳಗ ಐತಲ್ರೀ. ಯಾವಾಗ ಹಾಕ್ತೀರಿ ನಿಮ್ಮ ಕೆಂಪ ಔಷಧ? ಸರ್ಕಾರದ ಪಗಾರ ಸುಮ್ನ ತಿಂತೀರೇನು?"

ನಾನು ಹಾಕಿದೆ. ಇನ್ನಷ್ಟು ಹಾಕಿರಿ, ಇದು ಕೆಂಪು ಸಾಲದು ಎಂದು ಜಗಳ ತೆಗೆದರು. ಹೆಚ್ಚು ಹಾಕಿದರೆ ಹೆಚ್ಚು ಗುಣವಿಲ್ಲ ಎಂದು ತಿಳಿಸಿ ಹೇಳುವುದೇ ಮುಂದಿನ ವಾರದ ಕೆಲಸವಾಯಿತು.

ಬೇನೆ ಇಳಿಯಿತು. ನಾವೇ ಇಳಿಸಿದೆವೋ, ತಾನಾಗಿ ಇಳಿಯಿತೋ ಎಂದು ನನ್ನನ್ನು ಪ್ರಮಾಣ ಮಾಡಿಸಿ ಕೇಳಿದರೆ ನಾನು ಹೇಳಲಾರೆ. ಬೋಗುಣಿ ಏರಿದ ಓಣಿಗಳಲ್ಲಿ ಮೊದಲು ಇಳಿಯಿತು ಎಂಬುದನ್ನು ಡಾಕ್ಟರರು ಹೇಳಿದರು. ಅಷ್ಟು ಮಾತ್ರ ನಿಜ. ನಾನು ಊರು ಬಿಡುವ ಹೊತ್ತಿಗೆ ಖಾಸೀಮಸಾಬನ ಮಾತು ಊರಿಗೆ ಎಷ್ಟು ನಾಟಿತ್ತೆಂದರೆ, ಬೇನೆ ಹೋದ ಮೇಲೆಯೂ ಅವನ ನೀರನ್ನು ಯಾರೂ ಹಾಕಿಸಿಕೊಳ್ಳಲಿಲ್ಲ. ಬೇರೆ ಪಖಾಲಿಯವರು, ತಮ್ಮ ನೀರಿನ ಬಗ್ಗೆ ಒಂದು ಮಾತೂ ಆಡದೆ ಬಾಯಿ ಮುಚ್ಚಿಕೊಂಡಿದ್ದವರು, ಅವನ ಮನೆಗಳನ್ನು ಹಿಡಿದರು. ಅವರ ನೀರು ಒಳ್ಳೆಯದು ಎಂದು ಜನ ಲೆಕ್ಕ ಹಾಕಿದರು. ಯಾಕೆಂದರೆ ಅದು ಕೆಟ್ಟದ್ದು ಎಂದು ಅವರು ಹೇಳಿರಲಿಲ್ಲ. ಆರು ತಿಂಗಳಲ್ಲಿ ಅವನು ಕೋಣ ಮಾರಿದ ಎಂದು ಫಕೀರಪ್ಪ ಸುದ್ದಿ ತಂದ.

ನಾನು ಎಲ್ಲವನ್ನೂ ಬರೆದೆ. ನನ್ನ ತಪ್ಪನ್ನೂ ಬರೆದೆ. ವರ್ಷದ ವರದಿ ಅಚ್ಚಾಗಿ ಬಂದಾಗ ಹುಡುಕಿ ನೋಡಿದೆ. ಸವಣೂರಿನ ಬೇನೆ ಕರಪತ್ರಗಳ ಸಕಾಲಿಕ ಹಂಚಿಕೆಯಿಂದ ಹತೋಟಿಗೆ ಬಂತು ಎಂದಿತ್ತು. ಅಲ್ಲಿಗೆ ಒಯ್ದಿದ್ದ ಕರಪತ್ರದ ಗಂಟನ್ನು ನಾನು ಬಿಚ್ಚಿಯೇ ಇರಲಿಲ್ಲ.

ಅದರ ಮರುವರ್ಷವೇ ಇರಬೇಕು, ಮೇಲಿನಿಂದ ಒಂದು ಸುತ್ತೋಲೆ ಬಂತು. ಪಟ್ಟಣಗಳ ಜನ ಆರೋಗ್ಯದ ಮಾಹಿತಿಯನ್ನು ಯಾವ ಮಾರ್ಗದಿಂದ ಪಡೆಯಲು ಬಯಸುತ್ತಾರೆ ಎಂದು ವಿಚಾರಿಸಿ ತಿಳಿಸಬೇಕು. ಕರಪತ್ರ, ಭಾಷಣ, ಡಂಗುರ, ಚಿತ್ರಪ್ರದರ್ಶನ, ಶಾಲಾ ಮಾಸ್ತರರು, ವೃತ್ತಪತ್ರಿಕೆ ಎಂದು ಆರು ಸಾಲು. ಮುಂದೆ ಗುರುತು ಹಾಕಲು ಜಾಗ. ನಾನು ಹಾನಗಲ್ಲ, ಶಿಗ್ಗಾವಿ, ಬಂಕಾಪುರ ಸುತ್ತಿ ಶ್ರದ್ಧೆಯಿಂದ ಕೇಳಿದೆ. ಎಲ್ಲರೂ ನನ್ನ ಮುಖ ನೋಡಿ, ನನಗೆ ಯಾವುದು ಇಷ್ಟವೆಂದು ಊಹಿಸಿ ಅದನ್ನೇ ಹೇಳಿದರು. ಬಂಕಾಪುರದ ಒಬ್ಬ ದರ್ಜಿ ಮಾತ್ರ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದ: "ಯಾವ ದಾರೀಲೆ ಹೇಳಿದ್ರ ಏನ್ರಿ ಸಾಹೇಬ್ರ, ಹೇಳಾಂವ ಯಾರು ಅದನ್ನ ಮೊದಲ ಹೇಳ್ರಿ."

ನಾನು ಆರೂ ಸಾಲು ಖಾಲಿ ಬಿಟ್ಟು ಕೆಳಗೆ ಏಳನೆಯದೊಂದನ್ನು ಬರೆದೆ: "ಹೇಳುವುದರಿಂದ ತನಗೇ ನಷ್ಟವಾಗುವ ಮನುಷ್ಯನ ಬಾಯಿಂದ." ದೊಡ್ಡ ಸಾಹೇಬರು ಧಾರವಾಡಕ್ಕೆ ಕರೆಸಿದರು. ಅವರು ಕೆಟ್ಟವರಲ್ಲ. ನನಗೆ ಕುರ್ಚಿ ತೋರಿಸಿ ನಿಧಾನವಾಗಿ ಕೇಳಿದರು:

"ಇಂಥ ಮನುಷ್ಯರನ್ನು ಎಲ್ಲಿಂದ ತರಿಸುವುದು? ಕರಪತ್ರವಾದರೆ ಇಷ್ಟು ಸಾವಿರ ಬೇಕೆಂದು ಬರೆಯಬಹುದು. ಇವರನ್ನು ಎಷ್ಟು ಬೇಕೆಂದು ಬರೆಯಲಿ?"

ಒಬ್ಬ ಗೊತ್ತು ಎಂದೆ. ಖಾಸೀಮಸಾಬನನ್ನು ಬಾವಿ ನೋಡಿಕೊಳ್ಳುವ ಆಳಾಗಿ ನೇಮಿಸಬೇಕೆಂದು ಕೇಳಿಕೊಂಡೆ. ಸಾಹೇಬರು ನಿಜವಾಗಿಯೂ ಯೋಚಿಸಿದರು. ಅವನಿಗೆ ಓದು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದೆ. "ಹಾಗಾದರೆ ಸೂಚನೆಗಳನ್ನು ಜನರಿಗೆ ಹೇಗೆ ಓದಿ ಹೇಳುತ್ತಾನೆ?" ಎಂದು ಬೇಸರದಿಂದ ತಲೆ ಅಲ್ಲಾಡಿಸಿ, ನನ್ನ ಏಳನೆಯ ಸಾಲಿನ ಮೇಲೆ ಗೀಟು ಎಳೆದು, ಮೊದಲನೆಯದಕ್ಕೆ ಗುರುತು ಹಾಕಿದರು.

ಆಮೇಲಿನ ನೌಕರಿಯಲ್ಲಿ ನಾನು ಬದಲಾದದ್ದು ಸ್ವಲ್ಪವೇ. ಹೊಸ ಊರಿಗೆ ಹೋದರೆ ಮೊದಲ ದಿನ ಏನೂ ಹೇಳುತ್ತಿರಲಿಲ್ಲ. ಎಲ್ಲಿಂದ ನೀರು ತರುತ್ತೀರಿ, ಯಾರು ತರುತ್ತೀರಿ, ಒಲೆಗೆ ಏನು ಉರಿಸುತ್ತೀರಿ ಎಂದು ಕೇಳುತ್ತ ಕೂಡುತ್ತಿದ್ದೆ. ತಿಳವಳ್ಳಿಯಲ್ಲಿ ಮಲೇರಿಯಾದ ಕಹಿ ಗುಳಿಗೆಯನ್ನು ಯಾರೂ ನುಂಗದೆ ಉಗುಳುತ್ತಿದ್ದಾಗ, ಉಗುಳಿದವರನ್ನೇ ಯಾಕೆ ಉಗುಳಿದಿರಿ ಎಂದು ಕೇಳಿದೆ. ಕಿವಿ ಗುಂಯ್ ಅನ್ನುತ್ತದೆ, ಮಾರನೆಯ ದಿನ ಗದ್ದೆಯಲ್ಲಿ ನಿಲ್ಲಲು ಆಗುವುದಿಲ್ಲ ಎಂದರು. ನಾಟಿಯ ಕೆಲಸ ಇಲ್ಲದ ದಿನ ಕೊಟ್ಟೆವು, ನುಂಗಿದರು. ಈ ಕೆಲಸದ ಗುಟ್ಟು ಇಷ್ಟೇ ಎಂದು ತರುಣರಿಗೆ ಹೇಳಿದರೆ ಅವರ ಮುಖ ಬಾಡುತ್ತದೆ. ಇನ್ನೂ ದೊಡ್ಡದೇನೋ ಇರಬೇಕಿತ್ತು ಎಂದು ಅವರಿಗೆ ಅನಿಸುತ್ತದೆ.

ಖಾಸೀಮಸಾಬನನ್ನು ನಾನು ಮತ್ತೆ ನೋಡಿದ್ದು ಯುದ್ಧದ ಕಾಲದಲ್ಲಿ. ಆಗ ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಏರು ಬಂದರೆ ನಾವೇ ಇಳಿದು ನೂಕಬೇಕು. ಬಂಕಾಪುರದಿಂದ ಸವಣೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮೋಟಾರು ಅರ್ಧ ತಾಸು ನಿಲ್ಲುತ್ತದೆ ಎಂದರು. ಕೇಳಿಕೊಂಡು ಅವನ ಮನೆಗೆ ಹೋದೆ. ಜಗುಲಿಯ ಮೇಲೆ ಕುಳಿತು, ತೋಟದ ಬಾವಿಗಳಿಂದ ನೀರೆತ್ತುವ ತೊಗಲಿನ ಚೀಲ ಹೊಲಿಯುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ಕೈ ಹಿಡಿದುಕೊಂಡ. ಧಾರವಾಡದಲ್ಲಿ ಅವನಿಗಾಗಿ ಕೇಳಿ ಬರಿಗೈಯಲ್ಲಿ ಬಂದದ್ದನ್ನು ಹೇಳಬೇಕೆಂದು ಹೋಗಿದ್ದೆ. ಹೇಳಿದೆ. ಅವನು ನಕ್ಕುಬಿಟ್ಟ.

"ಹೋಗ್ಲಿ ಬಿಡ್ರಿ. ಸಂಗವ್ವಾರು ಇನ್ನೂ ನೀರ ಕಾಸೇ ಕುಡಿತಾರ. ಮೊಮ್ಮಕ್ಕ್ಳಿಗೂ ಅದ ರೂಢಿ ಹಚ್ಚ್ಯಾರ." ಆಮೇಲೆ ನನ್ನ ಬೆವರಿದ ಮುಖ ನೋಡಿ, "ದಾರ್ಯಾಗ ಏನರ ಕುಡದ್ರಿಲ್ಲೋ?" ಎಂದ.

"ಬಂಕಾಪುರದ ಹತ್ತಿರ ಮೋಟಾರು ನಿಂತಿತ್ತು. ಒಂದು ಹೊಲದ ಬಾವಿಯಲ್ಲಿ ಎರಡು ಬೊಗಸೆ ಕುಡಿದೆ."

ಅವನ ಸೂಜಿ ನಿಂತಿತು. "ಯಾರದ್ರಿ ಬಾವಿ? ಬಾಜೂಕ ಏನಿತ್ತು? ಕೇಳಿದ್ರ್ಯಾ?"

ಯಾರದೆಂದು ನನಗೆ ಗೊತ್ತಿರಲಿಲ್ಲ. ಬಾವಿಯ ಪಕ್ಕ ಏನಿತ್ತೆಂದೂ ನೋಡಿರಲಿಲ್ಲ. ಬಾಯಾರಿಕೆಯಾಗಿತ್ತು, ಕುಡಿದಿದ್ದೆ. ಅವನು ಬೈಯಲಿಲ್ಲ. ಕೆಲಸ ಬದಿಗಿಟ್ಟು ಒಳಗೆ ಹೋಗಿ ಒಲೆ ಊದಿ ಬೋಗುಣಿ ಇಟ್ಟ. ನೀರು ಕುದಿಯುವ ಸದ್ದು ಜಗುಲಿಗೆ ಕೇಳಿಸಿತು. ಇಳಿಸಿ, ತಂಬಿಗೆಗೆ ಸುರಿದು, ಮುಚ್ಚಿ, ನನ್ನ ಮುಂದೆ ತಂದಿಟ್ಟು ತಾನೂ ಎದುರಿಗೆ ಕುಳಿತ.

ದೂರದಲ್ಲಿ ಮೋಟಾರಿನವನು ಹಾರ್ನು ಹಾಕತೊಡಗಿದ. ನಾನು ತಂಬಿಗೆಗೆ ಕೈ ಚಾಚಿದೆ.

"ಇನ್ನೂ ಸುಡತೈತಿ, ಕುಂದರ್ರಿ," ಎಂದ ಖಾಸೀಮಸಾಬ.

ಮೋಟಾರು ಹೋಯಿತು. ನಾನು ನೀರು ಆರುವವರೆಗೆ ಕುಳಿತೆ.